ಥಟ್ಟನೆ ಅಡ್ಡ ಬಂದಾಗ

ಸ್ವೀಡನ್ ದೇಶದ ಹೆದ್ದಾರಿಗಳಲ್ಲಿ ಕಾರು ನಡೆಸುವವರಿಗೆ ಮೂಸ್ ಎಂಬ ಭಾರಿ ಕಾಡುಜಿಂಕೆಯ ಭಯ ಬಹಳ. ಮುಸ್ಸಂಜೆಯ ಮಬ್ಬಿನಲ್ಲಿ ಅದು ಕಾಡಿನಿಂದ ಹೊರಬಿದ್ದು ರಸ್ತೆಯ ನಡುವೆ ನಿಂತುಬಿಡುತ್ತದೆ. ಅದರ ನೀಳ ಕಾಲುಗಳಿಗೆ ಕಾರು ತಗುಲಿದರೆ, ನೂರಾರು ಕಿಲೋ ತೂಕದ ಒಡಲು ಮುಂಗಾಜಿನ ಮೇಲೆಯೇ ಬಂದು ಬೀಳುತ್ತದೆ. ಆದುದರಿಂದಲೇ ಅಲ್ಲಿ ಕಾರುಗಳಿಗೆ ‘ಮೂಸ್ ಪರೀಕ್ಷೆ’ ಎಂಬುದೊಂದುಂಟು. ಬ್ರೇಕು ಮುಟ್ಟದೆ, ಗಾಡಿಯನ್ನು ಥಟ್ಟನೆ ಎಡಕ್ಕೆ ಹೊರಳಿಸಿ, ಮರುಕ್ಷಣವೇ ಬಲಕ್ಕೆ ತಿರುಗಿಸಿ ಮೊದಲಿನ ಸಾಲಿಗೆ ತರಬೇಕು.

1997ರ ಅಕ್ಟೋಬರಿನಲ್ಲಿ ಅಲ್ಲಿನ ಮೋಟಾರು ಪತ್ರಿಕೆಯೊಂದು ಈ ಪರೀಕ್ಷೆಗೆ ಒಡ್ಡಿದ ಮರ್ಸಿಡಿಸ್ ‘ಎ ಕ್ಲಾಸ್’ ಕಾರು ಮಗುಚಿಬಿದ್ದಿತು. ಜಗತ್ತೇ ಬೆರಗಾಯಿತು. ತಯಾರಕರು ಮಾರಾಟವನ್ನು ಕೆಲಕಾಲ ನಿಲ್ಲಿಸಿ, ಗಾಡಿ ಜಾರುವುದನ್ನು ಅರಿತು ಬೇಕಾದ ಚಕ್ರಕ್ಕೆ ತಾನಾಗಿಯೇ ಬ್ರೇಕು ಹಾಕುವ ಸಾಧನವನ್ನು ಆ ಮಾದರಿಯ ಎಲ್ಲ ಕಾರುಗಳಿಗೂ ಅಳವಡಿಸಿದರು.

ಗಾಡಿ ಹೀಗೆ ಕೈಮೀರುವುದೇಕೆ? ಟೈರಿಗೂ ನೆಲಕ್ಕೂ ನಡುವಣ ಹಿಡಿತ ಸಂಸಾರಸ್ಥನ ತಿಂಗಳ ಸಂಬಳವಿದ್ದಂತೆ. ಎಲ್ಲವನ್ನೂ ಬ್ರೇಕಿಗೇ ವೆಚ್ಚಮಾಡಿದರೆ ತಿರುಗಿಸುವುದಕ್ಕೆ ಏನೂ ಉಳಿಯದು. ಉರುಳುವುದು ನಿಂತ ಚಕ್ರ ಸ್ಟೀರಿಂಗಿನ ಮಾತು ಕೇಳದೆ, ನೇರವಾಗಿ ಜಾರುತ್ತಲೇ ಹೋಗುತ್ತದೆ. ಈ ಕೊರತೆಯನ್ನು ನೀಗಲೆಂದೇ ಎ.ಬಿ.ಎಸ್. ಬ್ರೇಕು ಬಂದಿತು, ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಅದು ಕಡ್ಡಾಯ. ಅದುಳ್ಳ ಗಾಡಿಯಲ್ಲಿ ಪೆಡಲನ್ನು ಬಲವಾಗಿ ಒತ್ತಿಹಿಡಿದೇ ತಿರುಗಿಸಬಹುದು. ಪೆಡಲು ಪಾದದಡಿ ಅದುರಿದರೆ ಬೆದರಿ ಕಾಲು ತೆಗೆಯಬಾರದು.

ನಮ್ಮ ರಸ್ತೆಗಳಲ್ಲಿ ಮೂಸ್ ಇಲ್ಲ. ಆದರೆ ದನ, ನಾಯಿ, ಚೆಂಡಿನ ಹಿಂದೆ ಓಡಿಬರುವ ಮಗು, ದೀಪವಿಲ್ಲದೆ ನಿಂತ ಟ್ರಾಕ್ಟರು ಉಂಟು. ನಾಯಿಯನ್ನು ಉಳಿಸಹೋಗಿ ಎದುರಿನ ಲಾರಿಗೋ ಸಾಲುಮರಕ್ಕೋ ಅಪ್ಪಳಿಸಿದರೆ, ಗಾಡಿಯಲ್ಲಿರುವ ಹೆಂಡತಿ ಮಕ್ಕಳ ಗತಿಯೇನು? ಮೊದಲು ಬ್ರೇಕು, ಬಳಿಕ, ಪಕ್ಕದ ಜಾಗ ಬರಿದಾಗಿದ್ದರೆ ಮಾತ್ರ, ಬೇಕಾದಷ್ಟೇ ತಿರುವು. ಎರಡು ಕೈಗಳೂ ಚಕ್ರದ ಮೇಲಿರಲಿ. ನೋಟ ಅಡ್ಡ ಬಂದುದರ ಮೇಲೆ ನೆಡದೆ, ಪಾರಾಗುವ ದಾರಿಯ ಮೇಲಿರಲಿ. ಕಣ್ಣು ಹೋದೆಡೆಗೆ ಕೈಯೂ ಹೋಗುತ್ತದೆ.

ಇದೆಲ್ಲಕ್ಕೂ ಮಿಗಿಲಾದುದು ವೇಗದ ಲೆಕ್ಕ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಚಾಲಕನು ಎಚ್ಚೆತ್ತು ಬ್ರೇಕು ಮೆಟ್ಟುವ ಒಂದು ಸೆಕೆಂಡಿನಲ್ಲಿಯೇ ಕಾರು 17 ಮೀಟರ್ ಸಾಗಿರುತ್ತದೆ. ಒಣ ರಸ್ತೆಯಲ್ಲಿಯೂ ನಿಲ್ಲಲು ಮತ್ತೆ ಸುಮಾರು 20 ಮೀಟರ್ ಬೇಕು. ವೇಗ 80 ಆದರೆ ಒಟ್ಟು ದೂರ 37ರಿಂದ 57 ಮೀಟರಿಗೆ ಏರುತ್ತದೆ. ಮಳೆ ಬಂದರಂತೂ ಇನ್ನೂ ಹೆಚ್ಚು. ಊರು ಹತ್ತಿರವಾದಾಗ, ಕತ್ತಲು ಕವಿದಾಗ ವೇಗವನ್ನು ಇಳಿಸಿದವನಿಗೆ ಥಟ್ಟನೆ ಹೊರಳಿಸುವ ಪ್ರಮೇಯವೇ ಬಹುಮಟ್ಟಿಗೆ ಬರುವುದಿಲ್ಲ.