ಅಪ್ಪನೂರ ತೇರು, ಅಮ್ಮನೂರ ಕುಂಭಮೇಳ

ನನಗೆ ಎರಡು ಊರು. ಅಪ್ಪನದು ನಂಜನಗೂಡು, ಅಮ್ಮನದು ತಿ. ನರಸೀಪುರ. ನಂಜುಂಡೇಶ್ವರನ ಗುಡಿಯ ಬಳಿ ಹರಿಯುವ ಕಪಿಲೆಯೇ ಮುಂದೆ ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಹೊಳೆ ಒಂದೇ ಆದರೂ ಯಾರೂರ ಹಬ್ಬ ದೊಡ್ಡದು ಎಂಬ ಜಗಳ ಮಾತ್ರ ನಮ್ಮ ಮನೆಯಲ್ಲಿ ಮುಗಿದಿಲ್ಲ.

ಅಪ್ಪನ ಪಾಲಿಗೆ ದೊಡ್ಡ ಜಾತ್ರೆಯೇ ಎಲ್ಲ. ಫಾಲ್ಗುಣದಲ್ಲಿ ಒಂದಲ್ಲ, ಐದು ತೇರು! ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ. ಶ್ರೀಕಂಠೇಶ್ವರನ ಗೌತಮ ರಥ ಹೊರಟರೆ ರಥಬೀದಿಯ ಮನೆಗಳೆಲ್ಲ ಗುಬ್ಬಿಗೂಡಿನಂತೆ ಕಾಣುತ್ತವೆ. ಹೊಸದಾಗಿ ಮದುವೆಯಾದವರು ಹಣ್ಣು ಜವನ ಎಸೆದು ಕೈಮುಗಿಯುತ್ತಾರೆ.

ಅಮ್ಮನ ಉತ್ತರ ಸಿದ್ಧ: ‘ನಮ್ಮ ಗುಂಜಾ ನರಸಿಂಹಸ್ವಾಮಿಯ ಕೈಲಿ ಗುಲಗಂಜಿ ಇದೆ. ಕಾಶಿಗಿಂತ ನಮ್ಮೂರು ಒಂದು ಗುಲಗಂಜಿ ತೂಕ ಹೆಚ್ಚು!’ ಕಾವೇರಿ, ಕಪಿಲೆ ಜತೆ ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರುತ್ತದೆಂಬ ನಂಬಿಕೆಯಿಂದ ಅದು ತ್ರಿವೇಣಿ ಸಂಗಮ. ಮೂರು ವರ್ಷಕ್ಕೊಮ್ಮೆ ಅಲ್ಲಿ ಕುಂಭಮೇಳ.

‘ಅದು ಶುರುವಾಗಿದ್ದೇ 1989ರಲ್ಲಿ, ನೀನಾಗ ಸ್ಕೂಲಲ್ಲಿದ್ದೆ’ ಎಂದು ಅಪ್ಪ ಕಿಚಾಯಿಸುತ್ತಾರೆ. ಹಳೆಯದಾದರೆ ಮಾತ್ರ ಸಂಪ್ರದಾಯವೇ?

2020ರಲ್ಲಿ ನಂಜನಗೂಡು ಕೊರೊನಾದಿಂದ ಸುದ್ದಿಯಾಯಿತು. ಊರಿನ ಹೆಸರು ಹೇಳಿದರೆ ಜನ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನಂಜುಂಡವನ ಊರಿಗೇ ನಂಜಿನ ಪಟ್ಟ! ಆ ವರ್ಷ ದೊಡ್ಡ ಜಾತ್ರೆಯ ತೇರು ಕದಲಲಿಲ್ಲ. 2022ರಲ್ಲಿ ಕುಂಭಮೇಳವೂ ಇಲ್ಲ. ಹಳೆಯದೆಂಬ ಕಾರಣಕ್ಕೆ ತೇರು ತಾನಾಗಿ ಉರುಳಲಿಲ್ಲ, ಹೊಸದೆಂಬ ಕಾರಣಕ್ಕೆ ಜನ ಕುಂಭಮೇಳವನ್ನು ಮರೆಯಲೂ ಇಲ್ಲ.

ನಮ್ಮಜ್ಜಿ 2019ರಲ್ಲಿ ಸಂಗಮದಲ್ಲಿ ಮುಳುಗೆದ್ದು, ‘ಮುಂದಿನ ಸಲ ನನ್ನ ಕೈ ಹಿಡ್ಕೊಳ್ಳೋಕೆ ನೀನು ಬಾ’ ಎಂದಿದ್ದಳು. ಮತ್ತೆ ಕುಂಭಮೇಳ ನಡೆದದ್ದು 2025ರ ಫೆಬ್ರುವರಿಯಲ್ಲಿ. ಅಷ್ಟರಲ್ಲಿ ಅಜ್ಜಿ ಇರಲಿಲ್ಲ. ಅವಳ ಹಿತ್ತಾಳೆ ಚೊಂಬಿನಲ್ಲಿ ಅಮ್ಮ ನೀರು ತುಂಬಿಕೊಂಡಳು. ಬೀದಿಯ ವಯಸ್ಸಾದವರಿಗೆಲ್ಲ ಅಜ್ಜಿ ಹಂಚುತ್ತಿದ್ದಂತೆಯೇ ಉದ್ಧರಣೆಯಲ್ಲಿ ಹಂಚಿದಳು. ಅಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನೋಡಿ ಕಲಿತಿದ್ದಳು.

ತಪ್ಪಿದ ಹಬ್ಬ ಮುಂದಿನ ವರ್ಷ ಬರಬಹುದು, ಜತೆಗಿದ್ದವರು ಬರುವುದಿಲ್ಲ. ಅಪ್ಪನ ಭುಜಕ್ಕೆ ಈಗ ನೋವು, ತೇರಿನ ಹಗ್ಗ ಎಳೆಯಲಾಗದು. ಆದರೂ ರಥಬೀದಿಯ ಅಂಚಿನಲ್ಲಿ ನಿಂತು, ‘ಎಳೀರಪ್ಪಾ, ಬಿಡಬೇಡಿ’ ಎಂದು ಕೂಗುತ್ತಾರೆ. ಬೆಂಗಳೂರಿನ ಆಫೀಸಿನಲ್ಲಿ ನಾನು ವರ್ಷದ ಮೊದಲ ರಜೆ ಬರೆಸುವುದು ಆ ದಿನಕ್ಕೇ. ಗೆಳೆಯರೇ, ನಿಮ್ಮೂರ ಹಬ್ಬಕ್ಕೂ ಒಂದು ರಜೆ ಉಳಿಸಿಡಿ. ಹಗ್ಗದಲ್ಲಿ ಇನ್ನೂ ಜಾಗ ಇದೆ.