ಜೀರುಂಡೆಗೆ ಅಂಜಬೇಕೆ?

ಮುಂಗಾರಿಗೆ ಮುನ್ನ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಸುತ್ತಣ ಮರಗಳಿಂದ ಏಳುವ ಜೀರ್ ಎಂಬ ನಾದವನ್ನು ಸಾಗರ, ಹೊಸನಗರ, ತೀರ್ಥಹಳ್ಳಿಯ ಜನ ಬಲ್ಲರು. ಆದರೂ ದೀಪದ ಬೆಳಕಿಗೆ ಬಂದ ಜೀರುಂಡೆಯನ್ನು ವಿಷದ ಹುಳುವೆಂದು ಹೊಸಕಿಹಾಕುವುದನ್ನು ನಾನು ಕಂಡಿದ್ದೇನೆ. ಅದಕ್ಕಾಗಿಯೇ ಈ ನಾಲ್ಕು ಮಾತು.

ಮೊದಲು ಗುರುತು. ಬಯಲುಸೀಮೆಯಲ್ಲಿ ಗಟ್ಟಿ ಚಿಪ್ಪಿನ ದುಂಬಿಗೂ ಜೀರುಂಡೆಯೆಂಬ ಹೆಸರುಂಟು. ಮಲೆನಾಡಿನ ಈ ಗಾಯಕ ಬೇರೆ. ಅಗಲವಾದ ತಲೆ, ಇಕ್ಕೆಲದಲ್ಲೂ ಉಬ್ಬಿದ ಕಣ್ಣು, ಅವುಗಳ ನಡುವೆ ಮೂರು ಕಿರುಗಣ್ಣು, ಮೋಟು ಮೀಸೆ, ಮನೆಯ ಮಾಡಿನಂತೆ ಇಳಿಬಿಟ್ಟ ರೆಕ್ಕೆ. ಇರುಳು ಮೂಲೆಯಲ್ಲಿ ಕೂಗುವ ಚಿಮ್ಮಂಡೆಯ ಮೀಸೆಯಾದರೋ ನೀಳ. ಅದು ರೆಕ್ಕೆಗಳನ್ನು ಉಜ್ಜಿ ದನಿಮಾಡುತ್ತದೆ. ಗಂಡು ಜೀರುಂಡೆ ಹೊಟ್ಟೆಯ ಬುಡದ ಪೊರೆಗಳನ್ನು ಮಿಡಿಸಿ ಹಾಡುತ್ತದೆ.

ಇದಕ್ಕೆ ವಿಷದ ಕೊಂಡಿಯಿಲ್ಲ. ಸೂಜಿಯಂಥ ಮೂತಿಯಿರುವುದು ಮರದ ರಸ ಹೀರಲಿಕ್ಕೆ. ಮುಷ್ಟಿಯಲ್ಲಿ ಹಿಡಿದಾಗ ಅಪರೂಪಕ್ಕೆ ಚುಚ್ಚಿದರೂ ನೋವು ಅಲ್ಪ. ಎಲೆಗಳನ್ನು ಅಗಿದು ತಿನ್ನುವ ಬಾಯಿಯೇ ಇದಕ್ಕಿಲ್ಲ. ಹೆಣ್ಣು ಎಳೆಗೊಂಬೆಯನ್ನು ಸೀಳಿ ಮೊಟ್ಟೆಯಿಡುವುದರಿಂದ ಸಸಿಗಳಿಗೆ ತುಸು ಹಾನಿಯಾದೀತು, ಅಷ್ಟೆ. ಕಾಂಡಕ್ಕೆ ಅಂಟಿರುವ ಬರಿದಾದ ಪೊರೆಯೂ ನಿರಪಾಯಕಾರಿ.

ಮರಿಗಳು ನೆಲದೊಳಗೆ ಬೇರಿನ ರಸ ಕುಡಿದು ವರ್ಷಗಟ್ಟಲೆ ಬೆಳೆಯುತ್ತವೆ. ಮೇಲಿನ ಬಾಳು ಕೆಲವೇ ವಾರ. ಮರ ಉರುಳಿಸಿ ನೆಲ ಅಗೆದಾಗ ಇನ್ನೂ ಹೊರಬಾರದ ಆ ತಲೆಮಾರುಗಳೂ ಅಳಿಯುತ್ತವೆ. ಉಪಾಧ್ಯಾಯರು ಮಕ್ಕಳನ್ನು ಮರದಡಿಗೆ ಕರೆದೊಯ್ದು, ಇದನ್ನು ಕೊಲ್ಲದೆ ನೋಡುವುದನ್ನು ಕಲಿಸಲಿ.