ಸರಪಳಿ ಗರಗಸದ ನಿರ್ವಹಣೆ

ಸರಪಳಿ ಗರಗಸವು ಪೆಟ್ರೋಲ್ ಅಥವಾ ವಿದ್ಯುತ್ತಿನಿಂದ ಚಲಿಸುವ, ಮರ ಕತ್ತರಿಸುವ ಕೈಯಂತ್ರ. ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಂತಹ ಒಣ ಬಯಲುಸೀಮೆಯಲ್ಲಿ ಹೊಲದ ಬದು, ಕೆರೆಯಂಗಳಗಳಿಗೆ ಹಬ್ಬುವ ಬಳ್ಳಾರಿ ಜಾಲಿಯನ್ನು ತೆರವುಗೊಳಿಸಲು ಇದು ಉಪಯುಕ್ತ. ಜಾಲಿಯ ಕಟ್ಟಿಗೆ ಬಲು ಗಟ್ಟಿ. ಬುಡಕ್ಕೆ ಮಣ್ಣು, ಮರಳು ಮೆತ್ತಿರುವುದರಿಂದ ಸರಪಳಿಯ ಹಲ್ಲುಗಳು ಬೇಗ ಮೊಂಡಾಗುತ್ತವೆ. ಕತ್ತರಿಸುವ ಮುನ್ನ ಬುಡವನ್ನು ಕೆರೆದು ಶುಚಿಗೊಳಿಸಬೇಕು.

ಹರಿತವಾದ ಸರಪಳಿ ಚಕ್ಕೆಗಳನ್ನು ಉದುರಿಸುತ್ತದೆ, ಮೊಂಡಾದುದು ಹಿಟ್ಟಿನಂತಹ ಪುಡಿಯನ್ನು. ಪುಡಿ ಕಂಡ ಮೇಲೂ ಯಂತ್ರವನ್ನು ಒತ್ತಿ ಕತ್ತರಿಸುವುದು ಸಾಮಾನ್ಯ ತಪ್ಪು. ಹರಿತವಾದ ಗರಗಸಕ್ಕಿಂತ ಮೊಂಡು ಗರಗಸವೇ ಹೆಚ್ಚು ಅಪಾಯಕಾರಿ: ಒತ್ತುವ ಕೈ ದಣಿದು ಹಿಡಿತ ತಪ್ಪುತ್ತದೆ. ಪಟ್ಟಿಯ ತುದಿಯ ಮೇಲ್ಭಾಗ ಕೊಂಬೆಗೆ ತಾಗಿದರೆ ಗರಗಸವು ಕ್ಷಣಾರ್ಧದಲ್ಲಿ ಬಳಸುವವರ ಮುಖದತ್ತ ಚಿಮ್ಮಬಹುದು. ಇದನ್ನು ಕಿಕ್‌ಬ್ಯಾಕ್ ಎನ್ನುತ್ತಾರೆ. ಬುಡದಿಂದಲೇ ಹಲವು ಕವಲೊಡೆಯುವ ಜಾಲಿಯ ಪೊದೆಯಲ್ಲಿ ಇದರ ಸಂಭವ ಹೆಚ್ಚು. ಆದುದರಿಂದ ಚೈನ್ ಬ್ರೇಕ್ ಅನ್ನು ಪ್ರತಿದಿನ ಪರೀಕ್ಷಿಸುವುದು ಅಗತ್ಯ.

ಹಲ್ಲುಗಳನ್ನು ಸರಪಳಿಯ ಅಳತೆಗೆ ಹೊಂದುವ ದುಂಡು ಅರದಿಂದ, ಬಹುತೇಕ ಸರಪಳಿಗಳಲ್ಲಿ 25ರಿಂದ 35 ಡಿಗ್ರಿ ಕೋನದಲ್ಲಿ, ಎರಡೂ ಬದಿಗೆ ಸಮನಾಗಿ ಉಜ್ಜಬೇಕು. ಒಂದು ಬದಿ ಹೆಚ್ಚು ಸವೆದರೆ ಗರಗಸ ಓರೆಯಾಗಿ ಕೊಯ್ಯುತ್ತದೆ. ಸರಪಳಿಯು ಪಟ್ಟಿಯ ಕೆಳಬದಿಯಲ್ಲಿ ಜೋತುಬೀಳದೆ, ಕೈಯಿಂದ ಎಳೆದಾಗ ಸರಾಗವಾಗಿ ಚಲಿಸಬೇಕು. ಸುಟ್ಟ ಎಂಜಿನ್ ಎಣ್ಣೆಯಲ್ಲಿ ಲೋಹದ ಕಣಗಳಿರುವುದರಿಂದ ಅದನ್ನು ಸರಪಳಿಗೆ ಹಾಕಬಾರದು. ಟೂ-ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಬೆರೆಸಿದ ಪೆಟ್ರೋಲ್ ಬೇಕು. 50:1 ಪ್ರಮಾಣ ಸೂಚಿಸಿರುವ ಯಂತ್ರದಲ್ಲಿ ಲೀಟರಿಗೆ 20 ಮಿ.ಲೀ. ಎಣ್ಣೆ. ಬೇಸಿಗೆಯ ಧೂಳಿನಲ್ಲಿ ಏರ್ ಫಿಲ್ಟರನ್ನು ದಿನವೂ ಶುಚಿಗೊಳಿಸಬೇಕಾಗುತ್ತದೆ. ಇವೆಲ್ಲವನ್ನೂ ಎಂಜಿನ್ ನಿಲ್ಲಿಸಿ, ಕೈಗವಸು ಧರಿಸಿಯೇ ಮಾಡತಕ್ಕದ್ದು.